ಒಂದೇ ಶ್ವಾಸಕೋಶದ ಓನರಮ್ಮ

ರಾಜಾಜಿನಗರದ ಆ ಮನೆಯ ಮಹಡಿಗೆ ಸಾಮಾನು ಏರಿಸಿ, ಹಾಲುಕ್ಕಿಸಿ, ಕ್ಯಾಲೆಂಡರಿಗೆಂದು ಗೋಡೆಗೆ ಮೊಳೆ ಹೊಡೆಯುತ್ತಿದ್ದೆವು. ಅಷ್ಟರಲ್ಲಿ ನಮ್ಮ ಕಾಲ ಕೆಳಗಿನ ನೆಲ ದಡದಡ ಎಂದಿತು. ಕೆಳಗಿನಿಂದ ಯಾರೋ ಕೋಲಿನಲ್ಲಿ ಸೂರಿಗೆ ಗುದ್ದುತ್ತಿದ್ದರು. ನನ್ನ ಗಂಡ ಸುತ್ತಿಗೆ ಹಿಡಿದೇ ಕೆಳಗಿಳಿದರು. ಅಲ್ಲಿ ನಮ್ಮ ಮನೆ ಮಾಲೀಕರು ಉದ್ದನೆಯ ಧೂಳು ಹೊಡೆಯುವ ಪೊರಕೆ ಹಿಡಿದು ನಿಂತಿದ್ದರಂತೆ.

"ಇನ್ನೆಷ್ಟು ಮೊಳೆ?"

"ಇಲ್ಲ ಆಂಟಿ, ಒಂದೇ ಒಂದು. ಏನಾಯ್ತು ಅಂದ್ರೆ, ಈ ಗೋಡೆ ಸಿಮೆಂಟು ಸ್ವಲ್ಪ..."

"ಹೊಡ್ಕೊಳಿ. ಕೂಗಕ್ಕಾಗಲ್ಲ. ಅದಕ್ಕೆ ಗುದ್ದಿದೆ." ಆಮೇಲೆ ಎದೆಯ ಎಡಭಾಗದ ಮೇಲೆ ಕೈಯಿಟ್ಟು, "ಈ ಕಡೆ ಖಾಲಿ," ಅಂದರಂತೆ.

ಗಂಡ ಮೇಲೆ ಬಂದು ಸುತ್ತಿಗೆ ಕೆಳಗಿಟ್ಟು ಗಂಭೀರವಾಗಿ ಕೂತರು. "ಪಾಪ ಕಣೇ. ವಯಸ್ಸಲ್ಲಿ ಯಾರೋ ಮೋಸ ಮಾಡಿರ್ಬೇಕು. ಹೃದಯ ಖಾಲಿ ಅಂತಾರೆ." ಸಂಜೆ ಅವರಿಗೆ ಒಂದು ಬಟ್ಟಲು ಪಾಯಸ ಕೊಟ್ಟು ಬಂದೆ, ಭಗ್ನಪ್ರೇಮಿಗಳಿಗೆ ತೋರಿಸುವ ಮುಖ ಮಾಡಿಕೊಂಡು. ಅವರು ಪಾಯಸ ತೆಗೆದುಕೊಂಡು ನನ್ನ ಮುಖವನ್ನೇ ನೋಡಿ, "ಹಲ್ಲು ನೋವಾ?" ಎಂದು ಕೇಳಿದರು.

ನಿಜ ಸಂಗತಿ ತಿಳಿಸಿದವರು ಎದುರುಮನೆ ಆಂಟಿ. ಓನರಮ್ಮನಿಗೆ ಹುಡುಗಿಯಾಗಿದ್ದಾಗ ಕ್ಷಯ ಬಂದಿತ್ತು. ಔಷಧಿ ಶುರುವಾಗುವ ಹೊತ್ತಿಗೆ ಎಡಗಡೆಯ ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಎದೆ ಕೊಯ್ದು ಅದನ್ನೇ ತೆಗೆದುಹಾಕಿದ್ದರು. ಗೊತ್ತಾಗಿದ್ದ ಮದುವೆ ಮುರಿಯಿತು. ಡಾಕ್ಟರು ಎಷ್ಟು ವರ್ಷ ಬದುಕಬಹುದೆಂದು ಹೇಳಿದ್ದರೋ ಅಷ್ಟನ್ನೂ ದಾಟಿ, ಆಮೇಲೆ ಆ ಡಾಕ್ಟರನ್ನೂ ದಾಟಿ, ಅವರು ಊರೂರಿನ ಫೋನು ಕರೆ ಜೋಡಿಸುವ ಟ್ರಂಕ್ ಕಾಲ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕೆಲಸ ಮಾಡುತ್ತಿದ್ದರು. ತಂದೆ ಬಿಟ್ಟುಹೋದ ಮನೆ ಅದು. ಕೆಳಗೆ ಅವರೊಬ್ಬರೇ. ಮಹಡಿಯಲ್ಲಿ ನಾವಿಬ್ಬರು, ಹೊಸದಾಗಿ ಮದುವೆಯಾದವರು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಮೆಜೆಸ್ಟಿಕ್ ಹತ್ತಿರ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕನ್ನಡ ಸಂಘಕ್ಕೆ ಖಾಯಂ ಭಾಷಣಕಾರರು. ಉಪ್ಪು ಬೇಕೆಂದರೂ ಮೊದಲು ಪೀಠಿಕೆ, ಆಮೇಲೆ ವಿಷಯ ಪ್ರವೇಶ. ಅಂಥವರಿಗೆ ಇಂಥ ಓನರಮ್ಮ. ನಲ್ಲಿಯ ವಾಷರ್ ಹೋಗಿದೆ ಎಂದು ಹೇಳಲು ಇವರು ಕೆಳಗೆ ಹೋಗಿ ನೀರಿನ ಮಹತ್ವದಿಂದ ಆರಂಭಿಸಿದರೆ, ಅವರು ಸ್ವಲ್ಪ ಹೊತ್ತು ಕೇಳಿ, ಟ್ರಂಕ್ ಕಾಲನ್ನು ಮೂರು ಮೂರು ನಿಮಿಷಕ್ಕೆ ಅಳೆಯುವ ಎಕ್ಸ್‌ಚೇಂಜಿನ ದನಿಯಲ್ಲಿ, "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?" ಎನ್ನುತ್ತಿದ್ದರು. ಇವರಿಗೆ ಅಲ್ಲಿಗೆ ನೀರಿಳಿದುಹೋಗುತ್ತಿತ್ತು.

ಅವರು ಮಾತಾಡುತ್ತಿದ್ದ ಕ್ರಮವೇ ಹಾಗೆ. ಒಂದು ಉಸಿರಿಗೆ ಎಷ್ಟು ಪದ ಹಿಡಿಸುತ್ತದೋ ಅಷ್ಟೇ ಪದ. "ಇರೋದೊಂದು," ಎನ್ನುವುದು ಅವರ ಮಂತ್ರ. "ಅದನ್ನ ಮೆಟ್ಟಿಲಿಗೆ ಕೊಡಲಾ? ಕೋಪಕ್ಕೆ ಕೊಡಲಾ?" ಎಡಭುಜ ಬಲಭುಜಕ್ಕಿಂತ ತುಸು ಕೆಳಗಿತ್ತು. ಅದರಿಂದ ಅವರು ಯಾವಾಗಲೂ ಕಿವಿ ವಾಲಿಸಿ ನಮ್ಮ ಮಾತಿನ ಮೇಲೆ ಅನುಮಾನಪಡುತ್ತಿರುವಂತೆ ಕಾಣುತ್ತಿದ್ದರು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ಬೀದಿಯ ಜಗಳಗಳಲ್ಲಿ ಈ ಮಿತವ್ಯಯವೇ ಅವರ ಆಯುಧ. ಎದುರುಮನೆ ಆಂಟಿ ಎರಡು ಶ್ವಾಸಕೋಶಗಳನ್ನೂ ಧಾರಾಳವಾಗಿ ಬಳಸುವ ಹೆಂಗಸು. ಒಂದು ಬೆಳಗ್ಗೆ ಬೀದಿ ನಲ್ಲಿಯ ಸರದಿಯಲ್ಲಿ ಬಿಂದಿಗೆ ಜಾಗದ ವಿಷಯಕ್ಕೆ ಶುರುಮಾಡಿ, ಓನರಮ್ಮನ ಅಜ್ಜನ ಕಾಲಕ್ಕೆ ಹೋಗಿ, ಅಲ್ಲಿಂದ ಇಳಿದು ಬಂದು ಹಿಂದಿನ ದಿನದ ಕಸದ ವಿಷಯಕ್ಕೆ ಮುಟ್ಟುವಷ್ಟರಲ್ಲಿ ಅವರ ಮುಖ ಬೀಟ್‌ರೂಟಾಗಿತ್ತು. ಓನರಮ್ಮ ಕಂಬಕ್ಕೆ ಒರಗಿ ಮೂಗಿನಿಂದ ನಿಧಾನವಾಗಿ ಉಸಿರಾಡುತ್ತ ನಿಂತಿದ್ದರು. ಆಂಟಿ ಏದುಸಿರು ಬಿಡುತ್ತ ಒಂದು ಕ್ಷಣ ನಿಂತದ್ದೇ ತಡ, "ಮುಗೀತಾ?" ಎಂದರು. "ಹೂಂ," ಎಂದರು ಆಂಟಿ, ಬೇರೆ ಏನು ಹೇಳಲೂ ಗಾಳಿಯಿಲ್ಲದೆ. "ಸರಿ. ಬಿಂದಿಗೆ ತೆಗೀರಿ." ಆಂಟಿ ತೆಗೆದರು.

ರಸ್ತೆಯಲ್ಲಿ ನಡೆಯುವಾಗ ಅಲ್ಲಲ್ಲಿ ನಿಲ್ಲಲೇಬೇಕಿತ್ತು. ಆದರೆ ಉಸಿರಿಗಾಗಿ ನಿಂತಿದ್ದೇನೆಂದು ತೋರಿಸಿಕೊಳ್ಳುವುದು ಅವರ ಜಾಯಮಾನವಲ್ಲ. ಹಾಗಾಗಿ ಏನನ್ನೋ ಪರೀಕ್ಷಿಸುತ್ತಿರುವಂತೆ ನಿಲ್ಲುತ್ತಿದ್ದರು. ಒಮ್ಮೆ ನಮ್ಮ ಅಡ್ಡರಸ್ತೆಯಲ್ಲಿ ಪೈಪಿಗಾಗಿ ಅಗೆದು ತಿಂಗಳಾನುಗಟ್ಟಲೆ ಬಿಟ್ಟಿದ್ದ ಗುಂಡಿಯ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, ಒಳಗೆ ದಿಟ್ಟಿಸುತ್ತ ದಮ್ಮು ಸುಧಾರಿಸಿಕೊಂಡರು. ಮಾರನೆಯ ದಿನವೂ ಅದೇ ಜಾಗದಲ್ಲಿ ನಿಂತರು, ಏಕೆಂದರೆ ಬಸ್‌ಸ್ಟಾಪಿನಿಂದ ಅಲ್ಲಿಗೆ ಸರಿಯಾಗಿ ಉಸಿರು ತೀರುತ್ತಿತ್ತು. ಗುಂಡಿಯ ಮೇಸ್ತ್ರಿ ಓಡಿಬಂದು, "ಮೇಡಂ, ನಾಳೆ ಮುಚ್ಚಿಸಿಬಿಡ್ತೀನಿ, ಮೇಲಿನೋರಿಗೆ ಬರೀಬೇಡಿ," ಎಂದ. ಅವರಿಗೆ ಉತ್ತರಿಸುವಷ್ಟು ಗಾಳಿ ಇರಲಿಲ್ಲ; ತಲೆ ಮಾತ್ರ ಅಲ್ಲಾಡಿಸಿದರು. ಗುಂಡಿ ಮುಚ್ಚಿತು. ಇಡೀ ಬೀದಿ ಅವರನ್ನು ಕೊಂಡಾಡಿತು. "ಉಸಿರಾಡಿದೆ. ಅಷ್ಟೇ," ಎಂದರು ಅವರು.

ಅವರು ನಮ್ಮ ಮಹಡಿ ಹತ್ತಿದ್ದು ನಾನು ಕಂಡಂತೆ ಒಂದೇ ಸಲ. ಅವರ ಮನೆಯಲ್ಲಿ ಫೋನಿತ್ತು, ನಮ್ಮ ಕರೆಗಳೂ ಅಲ್ಲಿಗೇ ಬರುತ್ತಿದ್ದವು. ಒಂದು ಮಧ್ಯಾಹ್ನ ನಾನು ರಜೆಯಲ್ಲಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಓನರಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾರೆ, ತುಟಿ ನೀಲಿಯಾಗಿದೆ, ಹಣೆಯಲ್ಲಿ ಬೆವರು.

"ಫ್ಯಾಕ್ಟರಿಯಿಂದ ಫೋನು," ಎಂದರು. ಉಸಿರು ಎಳೆದುಕೊಂಡರು. "ನಿಮ್ಮ ಯಜಮಾನರಿಗೆ..."

ನಿಲ್ಲಿಸಿಬಿಟ್ಟರು. ಕಣ್ಣು ಮುಚ್ಚಿಕೊಂಡರು. ನಾನು ಅಲ್ಲೇ ಕುಸಿದು ಕೂತು, ಮೆಷಿನ್ನಿಗೆ ಕೈ ಸಿಕ್ಕಿಕೊಂಡಿತೋ, ಬಾಯ್ಲರ್ ಸಿಡಿಯಿತೋ ಎಂದು ಒಂದೊಂದನ್ನೇ ಕಲ್ಪಿಸಿಕೊಂಡು ಅಳಲು ಶುರುಮಾಡಿದ್ದೆ. ಅವರು ಕೈಯೆತ್ತಿ ತಡೆ ಎನ್ನುವಂತೆ ಸನ್ನೆ ಮಾಡಿ, ಇನ್ನೊಂದು ಉಸಿರು ಎಳೆದು, "...ಪ್ರಮೋಷನ್," ಎಂದರು.

ಆಮೇಲೆ ಇಬ್ಬರೂ ನೆಲದ ಮೇಲೇ ಕೂತು ನೀರು ಕುಡಿದೆವು. "ಗುದ್ದಿ ಕರೀಬಹುದಾಗಿತ್ತಲ್ಲ ಆಂಟಿ!" ಎಂದೆ. "ಒಳ್ಳೇ ಸುದ್ದಿ," ಎಂದರು, "ಪೊರಕೆಲಿ ಹೇಳಕ್ಕಾಗತ್ತಾ?"

ಈ ಮನೆಗೆ ತಪ್ಪದೆ ಬರುತ್ತಿದ್ದ ನೆಂಟನೆಂದರೆ ಅವರ ತಮ್ಮ ಒಬ್ಬರೇ. ಬಿನ್ನಿಪೇಟೆಯಲ್ಲಿ ಒಂದು ಕೋಣೆಯಲ್ಲಿದ್ದರು. ಲಾರಿ ಆಫೀಸೊಂದರಲ್ಲಿ ಗುಮಾಸ್ತೆ, ಮದುವೆಯಾಗಿರಲಿಲ್ಲ. ಗೇಟು ತೆಗೆಯುವ ಮೊದಲೇ ಅವರ ಕೆಮ್ಮು ಕೇಳುತ್ತಿತ್ತು, ಅದರ ಹಿಂದೆ ಬೀಡಿಯ ವಾಸನೆ, ಅದರ ಹಿಂದೆ ಅವರು. ಬಂದವರು ಮೊದಲು ಅಕ್ಕನನ್ನು ನೋಡುತ್ತಿರಲಿಲ್ಲ, ಮನೆ ನೋಡುತ್ತಿದ್ದರು. ಗೋಡೆಗೆ ಕೈ ಒತ್ತಿ ನೋಡುವರು, ಸೂರು ನೋಡುವರು, ಕಿಟಕಿ ತೆಗೆದು ಹಾಕಿ ನೋಡುವರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು ಅಕ್ಕನ ಎದೆ ಏರಿಳಿಯುವುದನ್ನೇ ನೋಡುವರು.

"ನೋಡ್ದೇನೇ," ಎಂದರು ನನ್ನ ಗಂಡ, "ಮನೆ ಅಳತೆ ತಗೊಳ್ತಾ ಇದಾನೆ. ಅಕ್ಕ ಯಾವಾಗ ಹೋಗ್ತಾಳೆ ಅಂತ ಕಾಯ್ತಾ ಇದಾನೆ."

ನಾನೂ ಹಾಗೇ ನಂಬಿದೆ. ಅವರು ಬಂದಾಗ ಮೇಲಿನಿಂದ ಬೇಕಂತಲೇ ನೀರು ಚೆಲ್ಲಿ ಮೆಟ್ಟಿಲು ತೊಳೆಯುತ್ತಿದ್ದೆ. ಒಮ್ಮೆ ಅವರು ಮೆಟ್ಟಿಲ ಬುಡದಲ್ಲಿ ನಿಂತು, "ಮೇಲಿಂದ ಗೋಡೆಗೆ ನೀರಿಳಿಯತ್ತಾ ತಾಯಿ?" ಎಂದು ಕೇಳಿದಾಗ, "ನಿಮಗ್ಯಾಕೆ ಸಾರ್ ಆ ಚಿಂತೆ?" ಎಂದು ಖಡಕ್ಕಾಗಿ ಹೇಳಿದ್ದೆ.

ಓನರಮ್ಮ ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಒಂದು ಯಂತ್ರದೊಳಗೆ ಊದಿ ಬರಬೇಕಿತ್ತು, ಉಳಿದ ಶ್ವಾಸಕೋಶ ಹೇಗೆ ನಡೆಯುತ್ತಿದೆ ಎಂದು ತಿಳಿಯಲು. ಆ ವರ್ಷ ಅವರ ಜೊತೆ ಹೊರಟದ್ದು ತಮ್ಮ. ಆತನ ಮೇಲೆ ಕಣ್ಣಿಡಲು ನಾನೂ ಆಫೀಸಿಗೆ ರಜಾ ಹಾಕಿ ಆಟೋ ಹತ್ತಿದೆ.

ಯಂತ್ರದ ಬಳಿ ಇದ್ದವರು ಒಬ್ಬ ಹೊಸ ಡಾಕ್ಟರು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಒಂದು ಡಬ್ಬಿ, ಅದರಿಂದ ಬರುವ ದಪ್ಪ ಕೊಳವೆ, ಪಕ್ಕದಲ್ಲಿ ಸುತ್ತುವ ಕಾಗದ, ಅದರ ಮೇಲೆ ಒಂದು ಪೆನ್ನು. ಊದಿದಷ್ಟೂ ಪೆನ್ನು ಮೇಲೇರುತ್ತದೆ. ಡಾಕ್ಟರು ಓನರಮ್ಮನ ಮೂಗಿಗೆ ಕ್ಲಿಪ್ ಹಾಕಿ, "ಪೂರ್ತಿ ಎಳ್ಕೊಳಿ ಅಮ್ಮ... ಈಗ ಊದಿ! ಊದಿ ಊದಿ ಊದಿ ಊದಿ, ಬಿಡ್ಬೇಡಿ, ಇನ್ನೂ ಇನ್ನೂ!" ಎಂದು ಕುಸ್ತಿ ಅಖಾಡದವರಂತೆ ಕೂಗಿದರು. ಪೆನ್ನು ಒಂದು ಚಂದದ ಬೆಟ್ಟ ಬರೆಯಿತು.

ಡಾಕ್ಟರು ಖುಷಿಯಾಗಿಬಿಟ್ಟರು. "ಇಷ್ಟು ವರ್ಷ ಆದ್ಮೇಲೂ ಎಷ್ಟು ಚೆನ್ನಾಗಿ ಕೆಲ್ಸ ಮಾಡ್ತಾ ಇದೆ ನೋಡಿ! ಖಾಲಿ ಜಾಗ ಸಿಕ್ತು ಅಂತ ಬಲಗಡೆದು ಹಿಗ್ಗಿ ಆ ಕಡೆಗೂ ಸ್ವಲ್ಪ ಕೂತಿದೆ."

"ಬಾಡಿಗೆ ಕೊಡದೆ," ಎಂದರು ಓನರಮ್ಮ, ಕ್ಲಿಪ್ ಹಾಕಿದ ಮೂಗಿನಿಂದ. ಆಮೇಲೆ, "ಇನ್ನೊಂದ್ಸಲ. ಹೋದ್ವರ್ಷ ಇನ್ನೂ ಮೇಲಿತ್ತು."

ಮತ್ತೆ ಊದಿದರು. ಬೆಟ್ಟ ಇನ್ನಷ್ಟು ಎತ್ತರವಾಯಿತು. ಬಾಗಿಲ ಬಳಿ ನಿಂತು ನೋಡುತ್ತಿದ್ದ ತಮ್ಮ ಸಮಾಧಾನದಿಂದ ನಿಟ್ಟುಸಿರು ಬಿಡಲು ಹೋಗಿ, ನಿಟ್ಟುಸಿರು ಕೆಮ್ಮಾಗಿ, ಕೆಮ್ಮು ನಿಲ್ಲದೆ ಗೋಡೆ ಹಿಡಿದುಕೊಂಡರು. ಓನರಮ್ಮ ಕ್ಲಿಪ್ ತೆಗೆದು ಆತನನ್ನು ದಿಟ್ಟಿಸಿದರು.

"ಇವನಿಗೂ ಊದಿಸಿ."

"ನಂಗ್ಯಾಕಕ್ಕ? ನಂಗೆ ಎರಡೂ ಇದೆ!"

"ಅದಕ್ಕೇ. ಊದು."

ತಮ್ಮ ನಗುತ್ತಲೇ ಕೂತರು. ಡಾಕ್ಟರು ಕೂಗಿದರು. ಅವರು ಕೆನ್ನೆಯುಬ್ಬಿಸಿ, ಕಣ್ಣು ಹೊರಗೆ ಬರುವಂತೆ ಊದಿದರು. ಪೆನ್ನು ಸ್ವಲ್ಪ ಅಲುಗಿ, ರಸ್ತೆಯ ಹಂಪಿನಷ್ಟು ಏರಿ, ಹಾಗೇ ತೆವಳಿಕೊಂಡು ಹೋಯಿತು. ಡಾಕ್ಟರು ಯಂತ್ರ ಕೆಟ್ಟಿತೆಂದು ತಟ್ಟಿದರು, ಕೊಳವೆ ಬಿಚ್ಚಿ ಹಾಕಿದರು, ತಾವೇ ಊದಿದರು. ಪೆನ್ನು ಕಾಗದದ ತುದಿಗೆ ಹಾರಿತು. ಯಂತ್ರ ಚೆನ್ನಾಗಿಯೇ ಇತ್ತು. ತಮ್ಮ ಮತ್ತೊಮ್ಮೆ ಊದಿದರು. ಮತ್ತೆ ಹಂಪು.

ಡಾಕ್ಟರು ಈಗ ಕೂಗುತ್ತಿರಲಿಲ್ಲ. "ಸಾರ್, ನಿಮ್ಮಕ್ಕ ಒಂದರಲ್ಲಿ ಮಾಡೋ ಕೆಲ್ಸ, ನಿಮ್ಮ ಎರಡೂ ಸೇರಿ ಮಾಡ್ತಾ ಇಲ್ಲ. ದಿನಕ್ಕೆಷ್ಟು ಬೀಡಿ?"

"ಲೆಕ್ಕ ಇಟ್ಟಿಲ್ಲ ಡಾಕ್ಟ್ರೇ."

"ಇವತ್ತಿಗೆ ನಿಲ್ಲಿಸ್ಬೇಕು. ಇಲ್ದಿದ್ರೆ ಮುಂದೆ ನಿಮ್ಮಕ್ಕನೇ ನಿಮ್ಮನ್ನ ಎತ್ಕೊಂಡು ಬರ್ಬೇಕಾಗತ್ತೆ."

ಓನರಮ್ಮ ಔಷಧಿ ಚೀಟಿಗೆ ನಿಂತಿದ್ದಾಗ ನಾನೂ ಅವರ ತಮ್ಮನೂ ಹೊರಗೆ ಬೆಂಚಿನ ಮೇಲೆ ಕೂತೆವು. ಅವರು ಅಭ್ಯಾಸಬಲದಿಂದ ಜೇಬಿನಿಂದ ಬೀಡಿ ತೆಗೆದು, ನೋಡಿ, ಮತ್ತೆ ಒಳಗಿಟ್ಟರು.

"ಇದು ಶುರುವಾಗಿದ್ದೇ ಇಂಥ ಬೆಂಚ್ ಮೇಲೆ ತಾಯಿ," ಎಂದರು. "ಅಕ್ಕನಿಗೆ ಆಪರೇಷನ್ ಆದ ದಿನ. ನಮ್ಮಪ್ಪ ಒಪ್ಪಿರ್ಲಿಲ್ಲ. ಹೆದ್ರಿಬಿಟ್ಟಿದ್ರು. ಎದೆ ಕೊಯ್ದು ಸಾಯಿಸೋದಕ್ಕಿಂತ ಇದ್ದಷ್ಟು ದಿನ ಇರ್ಲಿ ಅಂದ್ರು. ನಾನೇ ಸೈನ್ ಹಾಕಿದ್ದು. ಮೀಸೆ ಬಂದಿತ್ತು ಅಷ್ಟೇ, ಬುದ್ಧಿ ಎಲ್ಲಿತ್ತು? ಒಳಗೆ ಕರ್ಕೊಂಡು ಹೋದ್ಮೇಲೆ ನಡುಕ ಬಂತು. ವಾರ್ಡ್‌ಬಾಯ್ ಒಬ್ಬ ಪಾಪ, ತಗೋ ಗುರು ಅಂತ ಒಂದು ಬೀಡಿ ಕೊಟ್ಟ. ಅವಳು ಬದುಕಿದ್ಲು. ಬೀಡಿನೂ ಉಳ್ಕೊಂತು."

ಅವರೇ ಮುಂದುವರಿಸಿದರು. "ಇವತ್ತಿಗೂ ತಿಂಗಳು ತಿಂಗಳು ಬಂದು ನೋಡ್ದಿದ್ರೆ ನಿದ್ದೆ ಬರಲ್ಲ. ಗೋಡೆ ತೇವ ಆದ್ರೆ ಅವಳಿಗೆ ಆಗಲ್ಲ. ಏನಾದ್ರೂ ಆದ್ರೆ ನಾನು ಸೈನ್ ಹಾಕಿ ಸಾಯಿಸ್ದಂಗೆ ಅಲ್ವಾ?"

ಮೆಟ್ಟಿಲಿಗೆ ನೀರು ಚೆಲ್ಲಿದ್ದು ನೆನಪಾಗಿ ನಾನು ಆಸ್ಪತ್ರೆಯ ನೆಲ ನೋಡುತ್ತ ಕೂತೆ.

ಓನರಮ್ಮ ಹಿಂದೆ ಬಂದು ನಿಂತದ್ದು ನಮಗೆ ಗೊತ್ತಾಗಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದರು. "ನನ್ ಮೇಲೆ ಹಾಕ್ಬೇಡ," ಎಂದರು. "ಬೀಡಿ ಸೇದಿದ್ದು ನೀನು." ಅಷ್ಟು ಹೇಳಿ ಆಟೋ ಕಡೆ ನಡೆದರು. ಮನೆ ಗೇಟಿನ ಬಳಿ ಇಳಿದ ಮೇಲೆ, "ನಾಳೆ ಪೆಟ್ಟಿಗೆ ತಗೊಂಡ್ಬಾ. ಇಲ್ಲೇ ಇರು," ಎಂದರು. ತಮ್ಮ, "ಅಕ್ಕ, ಜನ ಏನಂತಾರೆ, ಮನೆಗೋಸ್ಕರ ಬಂದ ಅಂತ..." ಎಂದು ರಾಗ ತೆಗೆದರು. ಅಕ್ಕ ಕೈಗಡಿಯಾರ ನೋಡಿಕೊಂಡರು. ಮಾರನೆಯ ದಿನ ತಮ್ಮ ಪೆಟ್ಟಿಗೆಯೊಂದಿಗೆ ಬಂದರು.

ಆಮೇಲಿನ ತಿಂಗಳುಗಳು ಕೆಳಗಿನ ಮನೆಯಲ್ಲಿ ಪೊಲೀಸ್ ರಾಜ್ಯ. ಎರಡು ಬಾಟಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಒಂದರ ನೀರನ್ನು ಊದಿ ಇನ್ನೊಂದಕ್ಕೆ ತಳ್ಳುವ ವ್ಯಾಯಾಮ. ಆಪರೇಷನ್ ಆದ ಹೊಸದರಲ್ಲಿ ಅಕ್ಕ ಅದನ್ನು ಮಾಡಿದ್ದರಂತೆ, ಈಗ ತಮ್ಮನಿಗೆ. ಬೆಳಗ್ಗೆ ನಾನು ಕಾಫಿಗೆ ಇಟ್ಟಾಗ ಕೆಳಗಿನಿಂದ ಗುಳುಗುಳು ಸದ್ದು, ಜೊತೆಗೆ "ಊದು. ಇನ್ನೂ. ಕಳ್ಳ. ಕೆನ್ನೆಯಿಂದಲ್ಲ," ಎಂಬ ತುಂಡು ತುಂಡು ಆಜ್ಞೆ. ಬೀಡಿಗಳನ್ನು ತಮ್ಮ ಬಚ್ಚಿಡದ ಜಾಗವಿಲ್ಲ: ರೇಡಿಯೋದ ಹಿಂದೆ, ತುಳಸಿಕಟ್ಟೆಯ ಸಂದಿಯಲ್ಲಿ, ಕೊಡೆಯೊಳಗೆ. ಮಳೆ ಬಂದ ದಿನ ಅಕ್ಕ ಕೊಡೆ ಬಿಚ್ಚಿದರೆ ತಲೆಯ ಮೇಲೆ ಬೀಡಿಯ ಮಳೆ. ನನ್ನ ಗಂಡನನ್ನು ಒಲಿಸಿಕೊಂಡು ನಮ್ಮ ತಾರಸಿಗೆ ಹೋಗಿ ಸೇದಲು ನೋಡಿದ್ದೂ ಉಂಟು. ಆದರೆ ತಾರಸಿ ಹತ್ತಿದ ಮೇಲೆ ಸೇದಲು ಉಸಿರೇ ಇರುತ್ತಿರಲಿಲ್ಲ. "ಏನ್ ಸಾರ್ ಅನ್ಯಾಯ," ಎಂದು ಬೀಡಿ ಕೈಯಲ್ಲಿ ಹಿಡಿದುಕೊಂಡೇ ಕೂತು, ಹಾಗೇ ಇಳಿದು ಬರುತ್ತಿದ್ದರು.

ಚಳಿಗಾಲ ಬಂತು. ಒಂದು ಬೆಳಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಕೆಳಗಿನಿಂದ ಸೂರಿಗೆ ಗುದ್ದು ಶುರುವಾಗಿ ನಿಲ್ಲಲೇ ಇಲ್ಲ. ಓಡಿ ಇಳಿದೆವು. ತಮ್ಮ ಮಂಚದ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತು, ಬಾಯಿ ತೆರೆದು, ಗಾಳಿಯನ್ನು ಅಗಿಯುತ್ತಿರುವಂತೆ ಒದ್ದಾಡುತ್ತಿದ್ದರು. ಎದೆಯೊಳಗೆ ಸೀಟಿ. ನನ್ನ ಗಂಡ ಜೀವಮಾನದಲ್ಲೇ ಮೊದಲ ಬಾರಿಗೆ ಪೀಠಿಕೆಯಿಲ್ಲದೆ, "ಆಟೋ!" ಎಂದು ಹೊರಗೆ ಓಡಿದರು.

ಆಟೋ ಸಿಗಲಿಲ್ಲ. ಬಂದವೆರಡು ನಿಲ್ಲಲಿಲ್ಲ. ಆಗ ಓನರಮ್ಮ ಮನೆಯಿಂದ ಹೊರಬಿದ್ದರು. ನಡೆದು ಬರಲಿಲ್ಲ, ಓಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾಲಿದ ಭುಜದಲ್ಲೇ, ಮುಖ್ಯರಸ್ತೆಯ ನಟ್ಟನಡುವೆ ಹೋಗಿ ಕೈ ಅಗಲಿಸಿ ನಿಂತರು. ಬರುತ್ತಿದ್ದ ಆಟೋ ಕಿರ್ರೆಂದು ನಿಂತಿತು. ಚಾಲಕ, "ಆ ಕಡೆ ಬರಲ್ಲಮ್ಮ, ಬಾಡಿಗೆ ಇದೆ," ಎಂದ.

"ಬರಲ್ಲ ಅಂತೀಯೇನೋ, ಒಳಗೆ ನನ್ನ ತಮ್ಮ ಉಸಿರಿಲ್ಲದೆ ಸಾಯ್ತಾ ಇದಾನೆ, ನನ್ನ ಬದುಕಿಸಿದ್ದು ಅವನು ಕಣೋ, ಅವನಿಗೇನಾದ್ರೂ ಆದ್ರೆ ನಾನು ಇನ್ಯಾರಿಗೋಸ್ಕರ ಉಸಿರಾಡ್ಲಿ, ನಿನ್ನ ಗಾಡಿ ತಿರುಗಿಸ್ತೀಯೋ ಇಲ್ಲಾ ನಾನು ಇಲ್ಲೇ ನಿನ್ನ ಚಕ್ರದ ಮುಂದೆ ಮಲಗಲೋ!"

ಒಂದೇ ಉಸಿರು. ಎದುರುಮನೆ ಆಂಟಿ ಬಾಗಿಲಿಗೆ ಬಂದು ಬಾಯಿ ಬಿಟ್ಟು ನಿಂತಿದ್ದರು. ಚಾಲಕ ಗಾಡಿ ತಿರುಗಿಸಿದ. ಓನರಮ್ಮ ಮಾತ್ರ ಅಲ್ಲೇ ಮೋರಿಕಟ್ಟೆಯ ಮೇಲೆ ಕುಸಿದು ಕೂತರು. ತಮ್ಮನನ್ನು ಎತ್ತಿ ಆಟೋದಲ್ಲಿ ಕೂರಿಸಿ, ಆಮೇಲೆ ಅಕ್ಕನನ್ನೂ ಎತ್ತಿ ಪಕ್ಕದಲ್ಲಿ ಕೂರಿಸಿದೆವು. ಆಸ್ಪತ್ರೆಯಲ್ಲಿ ಇಬ್ಬರನ್ನೂ ಇಳಿಸಿದಾಗ ಅದೇ ಎಳೆಮೀಸೆಯ ಡಾಕ್ಟರು ಓಡಿಬಂದು, ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿ, "ಪೇಷೆಂಟ್ ಯಾರು?" ಎಂದರು. ಇಬ್ಬರೂ ಮಾತಾಡಲಾರದೆ ಪರಸ್ಪರ ಬೆರಳು ತೋರಿಸಿದರು.

ಇಬ್ಬರಿಗೂ ಆಮ್ಲಜನಕ ಹಾಕಿದರು. ಅಕ್ಕನದನ್ನು ಮಧ್ಯಾಹ್ನಕ್ಕೆ ತೆಗೆದರು. ತಮ್ಮ ವಾರಗಟ್ಟಲೆ ಮಲಗಿದರು. ಮೊದಮೊದಲು ಡಾಕ್ಟರ ಮುಖದಲ್ಲಿ ಭರವಸೆಯೇ ಇರಲಿಲ್ಲ. ಅಕ್ಕ ಮಂಚದ ಪಕ್ಕದಲ್ಲಿ ಕೂತು ಆತನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ನಾನು ಊಟದ ಡಬ್ಬಿ ಒಯ್ದಾಗ ಒಮ್ಮೆ, "ಇವನಿಗೆ ಎಷ್ಟು ಭಯವಾಗಿರ್ಬೇಕು ಆವತ್ತು," ಎಂದರು. ಅಷ್ಟೇ. ಮನೆಗೆ ಬಂದ ಮೇಲೆ ತಮ್ಮ ಮತ್ತೆ ಬೀಡಿ ಮುಟ್ಟಲಿಲ್ಲ. ಬೀಡಿ ಬಿಟ್ಟದ್ದರಿಂದ ಕಳೆದುಹೋದ ಉಸಿರು ವಾಪಸು ಬರಲಿಲ್ಲ, ಆದರೆ ಇದ್ದದ್ದು ಉಳಿಯಿತು. ಇಬ್ಬರೂ ಸೇರಿ ಒಬ್ಬ ಆರೋಗ್ಯವಂತ ಮನುಷ್ಯನಷ್ಟು ಗಾಳಿಯಲ್ಲಿ ಆ ಸಂಸಾರ ನಡೆಸಿದರು.

ಬಹಳ ವರ್ಷಗಳ ನಂತರ ಓನರಮ್ಮ ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಿಳಿಯಿತು. ತಮ್ಮ ಅದಕ್ಕೂ ಮೊದಲೇ ಹೋಗಿದ್ದರು, ಅಕ್ಕನ ಕೈಯಲ್ಲಿ ಕೈಯಿಟ್ಟು. ಓನರಮ್ಮನ ಸಾವಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇರಲಿಲ್ಲವಂತೆ. ಬೇರೆ ಎಲ್ಲ ಕೈಕೊಟ್ಟರೂ ಆ ಒಂದು ಮಾತ್ರ ಕೊನೆತನಕ ಕೆಲಸ ಮಾಡಿತಂತೆ.

ಆದರೆ ನನಗೆ ಅವರೆಂದರೆ ನೆನಪಾಗುವುದು ನಮ್ಮ ಗೃಹಪ್ರವೇಶದ ದಿನ. ಆ ದಶಕ ಮುಗಿಯುವ ಹೊತ್ತಿಗೆ ನಾವು ಕೆಂಗೇರಿಯಲ್ಲಿ ಪುಟ್ಟ ಮನೆ ಕಟ್ಟಿಕೊಂಡೆವು. ಸುತ್ತ ಹೊಲ, ಬಸ್ಸು ಇಳಿದ ಮೇಲೆ ಮಣ್ಣಿನ ದಾರಿ, ಅದೂ ಏರು. ಪೂಜೆ ಮುಗಿಯಿತು, ಎಲೆ ಹಾಕಿದರು, ಅಕ್ಕ ತಮ್ಮಂದಿರ ಸುಳಿವಿಲ್ಲ. ನಾನು ತಾರಸಿ ಹತ್ತಿ ನೋಡಿದೆ. ದೂರದಲ್ಲಿ ಎರಡು ಆಕೃತಿಗಳು. ಒಂದು ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಇನ್ನೊಂದು ಅಲ್ಲಿಗೆ ಬಂದು ನಿಲ್ಲುತ್ತದೆ, ಮೊದಲನೆಯದು ಹೊರಡುತ್ತದೆ. ನನ್ನ ಗಂಡ ಸ್ಕೂಟರ್ ತೆಗೆದುಕೊಂಡು ಹೋದರು. ಇಬ್ಬರೂ ಹತ್ತಲು ಒಪ್ಪದೆ ವಾಪಸು ಕಳಿಸಿದರು.

ಊಟದ ಎರಡನೇ ಪಂಕ್ತಿಯೂ ಏಳುವಾಗ ಗೇಟಿಗೆ ಬಂದು ತಲುಪಿದರು. ಬೆವರಿಳಿಯುತ್ತಿತ್ತು, ಇಬ್ಬರ ಮುಖದಲ್ಲೂ ಗೆದ್ದ ಕಳೆ.

"ಯಾಕೆ ಆಂಟಿ ಇಷ್ಟು ಹೊತ್ತು?" ಎಂದೆ.

ಓನರಮ್ಮ ತಮ್ಮನ ಕಡೆ ತಲೆಯಾಡಿಸಿ, "ಇವನಿಗೋಸ್ಕರ," ಎಂದರು, ಉಸಿರು ಎಳೆದುಕೊಂಡು, "ನಿಂತೂ ನಿಂತೂ ಬಂದೆ."

ತಮ್ಮ ಗೇಟು ಹಿಡಿದುಕೊಂಡು, ನನ್ನ ಕಡೆ ಬಾಗಿ, ಅಕ್ಕನಿಗೆ ಕೇಳಿಸದಂತೆ ಪಿಸುಗುಟ್ಟಿದರು. "ಹಾಗೇ ಅಂದ್ಕೊಳ್ಳಿ ತಾಯಿ."